ತಂತಿಯೊಳಗಿನ ಸಣ್ಣ ಜಿ

ಇಂಗ್ಲಿಷಿನ ದೊಡ್ಡಕ್ಷರವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಸಣ್ಣಕ್ಷರವನ್ನಂತೂ ಅದಕ್ಕಿಂತಲೂ ಕಡಿಮೆ ನಂಬುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಊರುಗಳ ತಂತಿ ಆಫೀಸಿನಲ್ಲಿ ಕೂತು, ಗಂಡು ಹೆಣ್ಣು ಸಾವು ಬದುಕು ಎಲ್ಲವನ್ನೂ ಟಕ್ಕು ಟಕ್ಕು ಸದ್ದಿನಲ್ಲಿ ಕೇಳಿ ಕಾಗದಕ್ಕೆ ಇಳಿಸಿದವನು ನಾನು. ಊರಿನವರು ನನ್ನನ್ನು ತಂತಿ ತಿಮ್ಮಪ್ಪ ಎಂದು ಕರೆದರೆ, ಮನೆಯಲ್ಲಿ ನನ್ನ ಹೆಸರು ಅನುಮಾನದ ತಿಮ್ಮಪ್ಪ. ಹಾಲಿನವಳು ತಂದ ಹಾಲಿನಲ್ಲಿ ನೀರಿದೆಯೆಂದು ಎಲ್ಲರೂ ಅನುಮಾನ ಪಡುತ್ತಾರೆ. ನಾನು ಆ ನೀರು ಯಾವ ಬಾವಿಯದೆಂದೂ ಅನುಮಾನ ಪಡುತ್ತೇನೆ ಎಂದು ನನ್ನಾಕೆ ಆಡಿಕೊಳ್ಳುವುದುಂಟು.

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಪ್ರಮೋಷನ್ ಯಾವಾಗ ಸಿಕ್ಕಿತು, ಯಾವ ಪರೀಕ್ಷೆ ಕಟ್ಟಿದಿರಿ ಎಂದು ಕೇಳುತ್ತಾರೆ. ಅದನ್ನೆಲ್ಲ ಸರ್ವೀಸ್ ಪುಸ್ತಕ ಹೇಳುತ್ತದೆ, ನಾನೇಕೆ ಹೇಳಲಿ? ಅದರಲ್ಲಿ ಇಲ್ಲದ ಒಂದು ಸಂಗತಿಯನ್ನು ನಾನು ಇಲ್ಲಿ ಬರೆದಿಡುತ್ತಿದ್ದೇನೆ. ಈಗ ನಿಮಗೆ ಟೆಲಿಪ್ರಿಂಟರ್ ಬಂದಿದೆ. ಅದಕ್ಕೆ ಸಣ್ಣಕ್ಷರವೆಂದರೆ ಏನೆಂದೇ ಗೊತ್ತಿಲ್ಲ, ಹೊಡೆದದ್ದೆಲ್ಲ ದೊಡ್ಡದೇ. ಹಾಗಾಗಿ ಒಂದು ಅಕ್ಷರ ದೊಡ್ಡದೋ ಸಣ್ಣದೋ ಎಂಬುದಕ್ಕೆ ಒಬ್ಬ ತಂದೆ ನನ್ನ ಕೌಂಟರಿನ ಕಂಬಿ ಹಿಡಿದು ನಿಂತಿದ್ದನೆಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಕೇಳಿ.

ನಾನು ಮೊದಲು ಸೇರಿದ್ದು ಕಡೂರಿನಲ್ಲಿ, ಐವತ್ತರ ದಶಕದ ನಡುವಿನಲ್ಲಿ. ಅಲ್ಲಿನ ಪೋಸ್ಟ್ ಮಾಸ್ತರರು ರಾಘವರಾಯರು. ಅವರ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಇಂಗ್ಲಿಷ್ ವ್ಯಾಕರಣದ ಪುಸ್ತಕ. ಮೋರ್ಸ್ ಸದ್ದಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಚುಕ್ಕಿ, ಗೀಟು, ಅಷ್ಟೇ. ಕಳಿಸುವವನ ಫಾರಂನಲ್ಲಿ ಏನೇ ಇರಲಿ, ನಮ್ಮ ಕಿವಿಗೆ ಬರುವಾಗ ಎಲ್ಲ ಒಂದೇ ಸಮ. ಕೇಳಿಸಿಕೊಂಡು ಬರೆಯುವವನು ತನ್ನ ತಿಳಿವಳಿಕೆಯಂತೆ ದೊಡ್ಡದು ಸಣ್ಣದು ಮಾಡಬೇಕು. ಆಗ ನಾವು ಕೂಡಕ್ಷರದಲ್ಲಿ, ಅಂದರೆ ಅಕ್ಷರಕ್ಕೆ ಅಕ್ಷರ ಪೋಣಿಸಿ, ಶಾಯಿಯಲ್ಲಿ ಬರೆಯುತ್ತಿದ್ದೆವು.

ರಾಯರು ನನ್ನನ್ನು ಎದುರಿಗೆ ಕೂರಿಸಿಕೊಂಡು ಕಾಯಿದೆ ಹೇಳಿಕೊಟ್ಟರು. ವಾಕ್ಯದ ಮೊದಲ ಅಕ್ಷರ ದೊಡ್ಡದು. ಮನುಷ್ಯರ ಹೆಸರು, ಊರಿನ ಹೆಸರು, ವಾರ, ತಿಂಗಳು ದೊಡ್ಡದು. ದೇವರು ದೊಡ್ಡವನು. ಇವೆಲ್ಲ ಸರಿ ಎಂದುಕೊಂಡೆ. ಕೊನೆಯದು ಕೇಳಿ ಮಾತ್ರ ನನಗೆ ಇಂಗ್ಲಿಷಿನವರ ಮೇಲೆ ಅನುಮಾನ ಹುಟ್ಟಿತು.

“‘ನಾನು’ ಅನ್ನೋ ಪದ ಎಲ್ಲಿ ಬಂದ್ರೂ ದೊಡ್ಡದೇ,” ಎಂದರು ರಾಯರು.

“ಮತ್ತೆ ‘ನೀನು’ ಅನ್ನೋದು ಸಾರ್?”

“ಅದು ಸಣ್ಣದು.”

“ನಾನು ದೊಡ್ಡೋನು, ನೀನು ಸಣ್ಣೋನು ಅಂತಾನಾ ಸಾರ್?”

ರಾಯರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. “ಕಾಯಿದೆ ಕಣಯ್ಯ. ಕಾಯಿದೇನ ಯಾಕೆ ಅಂತ ಕೇಳ್ಬಾರ್ದು,” ಎಂದರು. ನಮ್ಮ ಕಡೆ ಎದುರಿಗಿರುವವರನ್ನು ತಾವು ಎಂದು ಎತ್ತಿ, ತನ್ನನ್ನು ತಾನು ತಗ್ಗಿಸಿಕೊಂಡು ಮಾತಾಡುವುದು ಮರ್ಯಾದೆ. ಇಲ್ಲಿ ನೋಡಿದರೆ ಎಲ್ಲ ತಲೆಕೆಳಗು.

ರಾಯರ ಕಾಯಿದೆ ಮುಗ್ಗರಿಸಿದ್ದು ಒಂದು ಬೆಕ್ಕಿನ ಮರಿಯಿಂದ. ಕಡೂರಿನ ಕಾಫಿ ಹೋಟೆಲಿನ ಸುಬ್ಬಣ್ಣನಿಗೆ ಹಾಸನದ ಅಕ್ಕನ ಮನೆಯಿಂದ ಒಂದು ತಂತಿ ಬಂತು. ‘ಕಿಟ್ಟಿ ಅಲ್ಲಿದ್ದರೆ ತಿಳಿಸಿ’ ಎಂದು ಇಂಗ್ಲಿಷಿನಲ್ಲಿ. ನಾನು ಕಿಟ್ಟಿಯ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದಿದ್ದೆ. ರಾಯರು ಕನ್ನಡಕ ಏರಿಸಿಕೊಂಡು ನೋಡಿ, ಕಿಟ್ಟಿ ಎಂದರೆ ಇಂಗ್ಲಿಷಿನಲ್ಲಿ ಬೆಕ್ಕಿನ ಮರಿ, ಅದು ಸಾಮಾನ್ಯ ನಾಮ, ಸಣ್ಣಕ್ಷರ ಬರೆ ಎಂದರು. ಬೆಕ್ಕಿನ ಮರಿಗೆ ಯಾರಾದರೂ ತಂತಿ ಕೊಡುತ್ತಾರೆಯೇ ಎಂದು ನನಗೆ ಅನುಮಾನ. ಆದರೆ ಸೇರಿ ಇನ್ನೂ ಹೊಸದು. ಬಾಯಿ ಮುಚ್ಚಿಕೊಂಡು ಬೇರೆ ಕಾಗದದಲ್ಲಿ ಸಣ್ಣದಾಗಿ ಬರೆದೆ.

ಸುಬ್ಬಣ್ಣ ಅದನ್ನು ಹೈಸ್ಕೂಲು ಮಾಸ್ತರರಿಗೆ ತೋರಿಸಿದ. ಅವರೂ ಸಣ್ಣಕ್ಷರ ನೋಡಿ ಬೆಕ್ಕಿನ ಮರಿ ಎಂದೇ ಹೇಳಿದರು. ಅವನ ಹೋಟೆಲಿನ ಸೌದೆ ಕೋಣೆಯಲ್ಲಿ ಆಗತಾನೇ ಬೆಕ್ಕು ಮರಿ ಹಾಕಿತ್ತು. ಹಾಸನದ ಅಕ್ಕನ ಮನೆಯಲ್ಲಿ ಇಲಿ ಕಾಟವಿರಬೇಕು ಎಂದುಕೊಂಡ ಸುಬ್ಬಣ್ಣ, ‘ಕಿಟ್ಟಿ ನಾಲ್ಕು ಇವೆ’ ಎಂದು ಉತ್ತರ ಕೊಟ್ಟ. ಮರುದಿನ ಅವನ ಭಾವ ಬೆವರು ಸುರಿಸಿಕೊಂಡು ಬಸ್ಸಿಳಿದು ಬಂದಾಗಲೇ ಗೊತ್ತಾದದ್ದು, ಕಿಟ್ಟಿ ಎಂದರೆ ಮನೆ ಬಿಟ್ಟು ಓಡಿಹೋದ ಅವರ ಮಗ ಕೃಷ್ಣಮೂರ್ತಿ ಎಂದು. ಆ ಕಿಟ್ಟಿ ಅದೇ ಸಂಜೆ ಹಸಿವು ತಾಳಲಾರದೆ ತಾನಾಗಿ ಮಾವನ ಹೋಟೆಲಿಗೇ ಬಂದ. ಹಾಗಾಗಿ ಎಲ್ಲರೂ ನಕ್ಕರು. ಸಿಕ್ಕದಿದ್ದರೆ ಯಾರೂ ನಗುತ್ತಿರಲಿಲ್ಲ.

ರಾಯರು ಮಾತ್ರ ನಗಲಿಲ್ಲ. ಆವತ್ತಿನಿಂದ ನಮ್ಮ ಆಫೀಸಿನಲ್ಲಿ ಬಂದ ತಂತಿಯನ್ನೆಲ್ಲ ಬಿಡಿಬಿಡಿಯಾಗಿ, ದೊಡ್ಡಕ್ಷರದಲ್ಲೇ ಬರೆಯಬೇಕೆಂದು ಹುಕುಂ ಮಾಡಿದರು. “ಎಲ್ಲಾ ದೊಡ್ಡದು ಬರ್ದುಬಿಡು. ಬೆಕ್ಕೋ ಮನುಷ್ಯನೋ ಅವ್ರೇ ನೋಡ್ಕೊಳ್ಲಿ. ನಾವು ಅರ್ಥ ಹೇಳೋ ಜನ ಅಲ್ಲ,” ಎಂದರು. ಈ ಕೊನೆಯ ಮಾತನ್ನು ಗಟ್ಟಿಯಾಗಿ ಹೇಳಿದರು. ತಂತಿಯವನು ಮಾತನ್ನು ಮುಟ್ಟಿಸಬೇಕು, ಬಿಡಿಸಿ ಹೇಳಬಾರದು. ಒಬ್ಬರ ಫಾರಂನಲ್ಲಿ ಕಂಡದ್ದನ್ನು ಇನ್ನೊಬ್ಬರಿಗೆ ಬಾಯಿ ಬಿಡಬಾರದು. ಬಿಟ್ಟರೆ ಕೆಲಸ ಹೋಗುತ್ತದೆ. ಅದಕ್ಕೆ ಪ್ರಮಾಣ ಮಾಡಿಯೇ ನಾವು ಕೆಲಸಕ್ಕೆ ಸೇರುವುದು.

ಕಡೂರಿನಿಂದ ತರೀಕೆರೆಗೆ ವರ್ಗವಾಯಿತು. ರಾಯರ ಹುಕುಮಿನಂತೆ ಅಲ್ಲೂ ನಾನು ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆಯುತ್ತಿದ್ದೆ. ಅಲ್ಲಿ ಕೌಂಟರೂ ನನ್ನದೇ. ಜನ ಬರೆದು ತಂದ ಫಾರಂಗಳನ್ನು ಕಣ್ಣಾರೆ ನೋಡುವ ಯೋಗ ಅಲ್ಲಿ ಬಂತು. ನೋಡುತ್ತ ನೋಡುತ್ತ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಜನ ರಾಯರ ಪುಸ್ತಕದ ಕಾಯಿದೆಯಂತೆ ಬರೆಯುವುದೇ ಇಲ್ಲ. ಅವರದ್ದೇ ಒಂದು ಕಾಯಿದೆ ಇದೆ, ಅದು ಯಾವ ಪುಸ್ತಕದಲ್ಲೂ ಇಲ್ಲ. ಅಮಲ್ದಾರರು ಎಂದು ಬರುವಲ್ಲಿ ದೊಡ್ಡಕ್ಷರ, ಜವಾನ ಎಂದು ಬರುವಲ್ಲಿ ಸಣ್ಣದು. ಬೀಗರು ದೊಡ್ಡದು, ತಮ್ಮ ಮನೆಯ ಮಕ್ಕಳು ಸಣ್ಣದು. ಕನ್ನಡದಲ್ಲಿ ‘ಅವರು’ ಎಂದು ಬಹುವಚನ ಹಚ್ಚುವ ಕಡೆಯೆಲ್ಲ ಇಂಗ್ಲಿಷಿನಲ್ಲಿ ದೊಡ್ಡಕ್ಷರ. ‘ಅವನು’ ಎನ್ನುವ ಕಡೆ ಸಣ್ಣಕ್ಷರ. ದೊಡ್ಡಕ್ಷರವೆಂದರೆ ನಮ್ಮವರಿಗೆ ಮರ್ಯಾದೆ.

ಅಮೃತಾಪುರದ ಕಡೆಯ ಒಬ್ಬ ಅಳಿಯ ಒಂದು ದಿನ ಕೌಂಟರಿಗೆ ಬಂದು ತಂತಿಯನ್ನು ಮೇಜಿನ ಮೇಲೆ ಬಡಿದ. ಹಬ್ಬಕ್ಕೆ ಕರೆದು ಮಾವ ಕೊಟ್ಟ ತಂತಿ. ನಾನು ರಜೆಯಲ್ಲಿದ್ದಾಗ ಬದಲಿಗೆ ಬಂದಿದ್ದವನು ಹಳೆಯ ಪದ್ಧತಿಯಂತೆ ಕೂಡಕ್ಷರದಲ್ಲಿ ಬರೆದು, ಅವಸರದಲ್ಲಿ ಅಳಿಯನ ಹೆಸರನ್ನು ಸಣ್ಣದರಲ್ಲಿ ಹಾಕಿದ್ದ.

“ನನ್ ಹೆಸ್ರುನ ಸಣ್ಣದಾಗಿ ಬರ್ದೋರು ಯಾರ್ರೀ? ನಮ್ಮಾವನೋ ನೀವೋ?”

“ನಾವೇ ಕಣಪ್ಪ. ತಂತೀಲಿ ದೊಡ್ಡದು ಸಣ್ಣದು ಬರಲ್ಲ.”

“ಸುಳ್ಳು ಹೇಳ್ಬೇಡಿ. ಹೋದ್ ವರ್ಷದ ತಂತೀಲಿ ನನ್ ಹೆಸ್ರು ಪೂರ್ತಿ ದೊಡ್ಡದಿತ್ತು. ಈಗ ಇಳಿಸ್ಯವ್ನೆ. ಜಮೀನಿನ ಮಾತು ಬಂದ್ಮೇಲೆ ನಾನು ಸಣ್ಣೋನಾಗ್ಬಿಟ್ನಾ?”

ಎಷ್ಟು ಹೇಳಿದರೂ ಒಪ್ಪಲಿಲ್ಲ. ಹಬ್ಬಕ್ಕೆ ಹೋಗಲಿಲ್ಲವಂತೆ. ನನಗೆ ಅವನ ಮೇಲೆ ಕೋಪ ಬರಲಿಲ್ಲ, ನನಗಿಂತ ದೊಡ್ಡ ಅನುಮಾನದವನು ಒಬ್ಬನಿದ್ದಾನಲ್ಲ ಎಂದು ಸಂತೋಷವಾಯಿತು.

ತರೀಕೆರೆಯಲ್ಲೇ ನನಗೆ ಇಲಾಖೆಯ ಒಬ್ಬ ಇನ್ಸ್‌ಪೆಕ್ಟರ್ ಗಂಟುಬಿದ್ದಿದ್ದರು. ಆ ಮನುಷ್ಯ ಮುಂಡಾಸು ಸುತ್ತಿಕೊಂಡು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ರೈತನ ಹಾಗೆ ಕೌಂಟರಿಗೆ ಬರುತ್ತಿದ್ದರು. ನಾವು ಫಾರಂ ತಿದ್ದುತ್ತೇವೋ, ಅರ್ಥ ಹೇಳುತ್ತೇವೋ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಬಿಡುತ್ತೇವೋ ಎಂದು ಪರೀಕ್ಷೆ. ನಾನು ಅವರನ್ನು ಮೊದಲ ದಿನವೇ ಹಿಡಿದುಬಿಟ್ಟೆ. ಕಂಬಳಿ ಹಳೆಯದು, ಆದರೆ ಕಾಲಲ್ಲಿ ಪಾಲಿಶ್ ಮಾಡಿದ ಬೂಟು. ಅಲ್ಲಿಂದ ಮುಂದೆ ಕೌಂಟರಿಗೆ ಯಾರು ಬಂದರೂ ನಾನು ಮೊದಲು ಕಾಲು ನೋಡುತ್ತಿದ್ದೆ. ಈ ಅಭ್ಯಾಸ ರಿಟೈರ್ ಆದರೂ ಹೋಗಿಲ್ಲ. ಮಗಳನ್ನು ನೋಡಲು ಬಂದ ಗಂಡಿನ ಕಾಲನ್ನೂ ನೋಡಿದ್ದೇನೆ.

ಅರವತ್ತರ ದಶಕದಲ್ಲಿ ಅಜ್ಜಂಪುರಕ್ಕೆ ಬಂದೆ. ಅಲ್ಲಿ ನಮ್ಮ ಆಫೀಸಿಗೆ ಟೆಲಿಫೋನು ಇನ್ನೂ ಬಂದಿರಲಿಲ್ಲ. ಬೀರೂರಿನ ತಂತಿಯವನೇ ನನಗೆ ಹೊರ ಜಗತ್ತಿನ ಬಾಗಿಲು.

ಆ ಸೀಮೆಯ ಬಹಳ ಮನೆಗಳು ಒಂದು ಮಠಕ್ಕೆ ನಡೆದುಕೊಳ್ಳುತ್ತಿದ್ದವು. ಮಠದ ಹೆಸರು ಇಲ್ಲಿ ಬೇಡ. ಅದರ ಸ್ವಾಮಿಗಳನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು, ಎದುರಿಗೆ ಬುದ್ಧಿ ಎನ್ನುತ್ತಿದ್ದರು. ದಾವಣಗೆರೆಯಲ್ಲಿ ಓದುವ ಹುಡುಗರಿಗೆ ಮಠದ್ದೇ ಒಂದು ಹಾಸ್ಟೆಲಿತ್ತು. ಮಠಕ್ಕೂ ಹಾಸ್ಟೆಲಿಗೂ ಒಬ್ಬರೇ ಮ್ಯಾನೇಜರು, ವೀರಯ್ಯನವರು. ಅವರಿಗೆ ಇಂಗ್ಲಿಷೆಂದರೆ ಬಹಳ ಪ್ರೀತಿ. ಇಂಗ್ಲಿಷಿಗೆ ಅವರ ಮೇಲೆ ಅಷ್ಟು ಪ್ರೀತಿ ಇರಲಿಲ್ಲ.

ಗುರುಗಳು ಅಜ್ಜಂಪುರದ ಕಡೆ ಬಂದಾಗಲೆಲ್ಲ ವೀರಯ್ಯನವರು ನನ್ನ ಕೌಂಟರಿಗೆ ಬಂದು ಮುಂದಿನ ಊರಿಗೆ ತಂತಿ ಕೊಡುತ್ತಿದ್ದರು. ಅವರ ಫಾರಂ ನೋಡುವುದೇ ಒಂದು ಚೆಂದ. ಊರಿನ ಹೆಸರು ಸಣ್ಣಕ್ಷರ, ವಾರದ ಹೆಸರು ಸಣ್ಣಕ್ಷರ, ತಂತಿ ಸೇರಬೇಕಾದ ಭಕ್ತರ ಹೆಸರೂ ಸಣ್ಣಕ್ಷರ. ನಡುವೆ ಗುರು ಎಂಬ ಪದದ ಜಿ ಮಾತ್ರ ಶಂಖದ ಹಾಗೆ ಸುರುಳಿ ಸುತ್ತಿಕೊಂಡು ಎರಡು ಗೆರೆಯ ಜಾಗ ನುಂಗಿರುತ್ತಿತ್ತು. ಒಂದು ಸಲ ‘ಗುರುಗಳು ನಾಳೆ ಹೊರಡುತ್ತಾರೆ, ನಾನು ಹಿಂದೆ ಬರುತ್ತೇನೆ’ ಎಂದು ಬರೆದು, ‘ನಾನು’ ಎಂಬುದನ್ನು ಸಣ್ಣ ಐ ಮಾಡಿದ್ದರು.

“ಮ್ಯಾನೇಜರೇ, ಅದು ದೊಡ್ಡದಾಗ್ಬೇಕು,” ಎಂದೆ.

“ಯಾವ್ದು?”

“ನಾನು ಅನ್ನೋದು.”

ಅವರು ಪೆನ್ನು ಕೆಳಗಿಟ್ಟರು. “ಏನಪ್ಪಾ ತಿಮ್ಮಪ್ಪ, ಗುರುಗಳ ಪಕ್ಕದಲ್ಲಿ ನಾನು ದೊಡ್ಡೋನಾಗ್ಲಾ? ನರಕಕ್ಕೆ ಹೋಗು ಅಂತೀಯಾ?”

“ಇಂಗ್ಲಿಷಿನ ಕಾಯಿದೆ ಕಣ್ರೀ.”

“ಇಂಗ್ಲಿಷಿಗೆ ಸಂಸ್ಕಾರ ಇಲ್ಲ ಕಣಯ್ಯ. ನನಗದೆ. ಇರೋದು ಒಂದು ದೊಡ್ಡಕ್ಷರ, ಅದು ಗುರುಗಳಿಗೆ. ಮಿಕ್ಕೋರೆಲ್ಲ ಸಣ್ಣೋರೇ, ನೀನೂ ಸೇರಿ.”

ಬರೆದದ್ದನ್ನು ಬರೆದ ಹಾಗೇ ತೆಗೆದುಕೊಂಡೆ. ಹೇಗಿದ್ದರೂ ಆ ತುದಿಗೆ ಹೋಗುವಾಗ ಎಲ್ಲ ಚುಕ್ಕಿ ಗೀಟೇ.

ಆ ಮಠದ ಮುಖ್ಯ ಭಕ್ತರಲ್ಲಿ ಚನ್ನಬಸಪ್ಪನವರು ಒಬ್ಬರು. ಅಜ್ಜಂಪುರದ ಪೇಟೆಯಲ್ಲಿ ಜವಳಿ ಅಂಗಡಿ. ಗುರುಗಳು ಬರುವ ಸುದ್ದಿ ಅವರಿಗೇ ಮೊದಲು ತಂತಿಯಲ್ಲಿ ಬರುತ್ತಿತ್ತು. ಅವರು ಬುಕ್ಕಾಂಬುಧಿಯವರೆಗೂ ಸುತ್ತಲ ಊರಿಗೆ ಹೇಳಿ ಕಳಿಸಿ ಜನ ಸೇರಿಸುತ್ತಿದ್ದರು. ಬಹಳ ವರ್ಷ ಮಕ್ಕಳಿಲ್ಲದೆ ಕೊನೆಗೆ ಹುಟ್ಟಿದ ಒಬ್ಬನೇ ಮಗನಿಗೆ ಗುರುಗಳ ಆಶೀರ್ವಾದವೆಂದು ಗುರುಸಿದ್ದಪ್ಪ ಎಂದು ಹೆಸರಿಟ್ಟು ಗುರು ಎಂದು ಕರೆಯುತ್ತಿದ್ದರು. ಹುಡುಗ ದಾವಣಗೆರೆಯ ಕಾಲೇಜು ಸೇರಿ, ಮಠದ ಹಾಸ್ಟೆಲಿನಲ್ಲಿದ್ದ. ಇಂಗ್ಲಿಷಿನಲ್ಲಿ ಆಗಲೇ ಎರಡು ಸಲ ನಪಾಸಾಗಿದ್ದ.

ಒಂದು ಬೆಳಿಗ್ಗೆ ಬೀರೂರಿನಿಂದ ಕರೆ ಬಂತು. ದಾವಣಗೆರೆಯಿಂದ ಚನ್ನಬಸಪ್ಪನವರಿಗೆ ತಂತಿ. ನಾನು ದೊಡ್ಡಕ್ಷರದಲ್ಲಿ ಬರೆದುಕೊಂಡೆ. ‘ಗುರು ಸ್ಥಿತಿ ಗಂಭೀರ, ಕೂಡಲೇ ಹೊರಡಿ, ಮ್ಯಾನೇಜರ್.’ ಅಂಗಡಿಗೆ ಕಳಿಸಿದೆ. ಕಳಿಸುವಾಗಲೇ ಏನೋ ಚುಚ್ಚಿದಂತಾಯಿತು. ಆ ವಾರ ಗುರುಗಳು ದಾವಣಗೆರೆಯಲ್ಲೇ ಬಿಡಾರ ಮಾಡಿದ್ದರು. ಅವರಿಗೂ ವಯಸ್ಸಾಗಿತ್ತು.

ಸ್ವಲ್ಪ ಹೊತ್ತಿಗೆಲ್ಲ ಚನ್ನಬಸಪ್ಪನವರು ತಂತಿ ಹಿಡಿದುಕೊಂಡು ಬಂದೇಬಿಟ್ಟರು. ಹಿಂದೆ ಅವರ ಹೆಂಡತಿ ಸಿದ್ದಮ್ಮ. ಆಯಮ್ಮ ಯಾವತ್ತೂ ಪೇಟೆಗೆ ಚಪ್ಪಲಿಯಿಲ್ಲದೆ ಬಂದವರಲ್ಲ, ಆವತ್ತು ಬರಿಗಾಲು.

“ತಿಮ್ಮಪ್ಪನೋರೇ, ಇದು ಯಾವ್ ಗುರು?”

“ನನಗೇನ್ ಗೊತ್ತು ಸಾಹುಕಾರ್ರೇ. ಬಂದಿದ್ದನ್ನ ಬರ್ದಿದೀನಿ.”

“ಹೆಸ್ರಿಗಾದ್ರೆ ಮೊದಲ್ನೇ ಅಕ್ಷರ ದೊಡ್ಡದು, ಹೆಸ್ರಲ್ಲದಿದ್ರೆ ಸಣ್ಣದು ಅಂತ ನಮ್ ಹುಡುಗ ಹೇಳ್ತಿದ್ದ. ಇದ್ರಲ್ಲಿ ನೋಡಿದ್ರೆ ಎಲ್ಲಾ ದೊಡ್ಡದು. ಅಸಲಿಗೆ ಏನ್ ಬರ್ದವ್ರೆ ಕೇಳ್ರೀ. ನಿಮ್ ಕಾಲಿಗ್ ಬೀಳ್ತೀನಿ.”

ಕೌಂಟರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ದಾವಣಗೆರೆಗೆ ಹೋಗುವ ರೈಲಿಗೆ ಹೆಚ್ಚು ಹೊತ್ತಿರಲಿಲ್ಲ. ಮ್ಯಾನೇಜರಿಗೆ ತಂತಿ ಕೊಟ್ಟು ಉತ್ತರ ಬರುವಷ್ಟರಲ್ಲಿ ಅದು ಹೋಗಿಬಿಡುತ್ತದೆ. ಅನುಮಾನ ಬಂದ ಪದವನ್ನು ಮತ್ತೆ ಓದಿ ಹೇಳೆಂದು ಕಳಿಸಿದ ಆಫೀಸನ್ನು ಕೇಳುವ ಅಧಿಕಾರ ಮಾತ್ರ ನನಗಿತ್ತು. ಮೊದಲ ಪದದ ಜಿ ಫಾರಂನಲ್ಲಿ ದೊಡ್ಡದೋ ಸಣ್ಣದೋ ನೋಡಿ ಹೇಳು ಎಂದು ಬೀರೂರಿನ ಮೂಲಕ ಕೇಳಿದೆ. ತಲೆ ಕೆಟ್ಟಿದೆಯಾ ಎಂದು ಬೀರೂರಿನವನು ಟಕ್ಕು ಟಕ್ಕು ಮಾಡಿದ. ಆಮೇಲೆ ದಾವಣಗೆರೆಯಿಂದ ಉತ್ತರ ಬಂತು. ಜಿ ಸಣ್ಣದು. ಎಲ್ಲವೂ ಸಣ್ಣದು.

“ಸಣ್ಣ ಜಿ ಅಂತೆ,” ಎಂದೆ.

ಚನ್ನಬಸಪ್ಪನವರ ಮುಖಕ್ಕೆ ಜೀವ ಬಂದಂತಾಯಿತು. “ಹಂಗಾದ್ರೆ ಹೆಸ್ರಲ್ಲ! ನಮ್ ಹುಡ್ಗ ಅಲ್ಲ ಕಣೇ! ಗುರುಗಳೇ! ಗುರುಗಳೇ ಕಣೇ!” ಎಂದು ಹೆಂಡತಿಯ ಕಡೆ ತಿರುಗಿ ಕೂಗಿಬಿಟ್ಟರು. ಕೂಗಿದ ಮೇಲೆ ತಾನು ಏನು ಕೂಗಿದೆನೆಂದು ಅವರಿಗೇ ಕೇಳಿಸಿರಬೇಕು. “ಶಿವಶಿವಾ, ಏನಂದ್ಬಿಟ್ಟೆ,” ಎಂದು ಎರಡೂ ಕೆನ್ನೆಗೆ ಪಟಪಟನೆ ಬಡಿದುಕೊಂಡರು. ಕಣ್ಣಲ್ಲಿ ನೀರು. ಆ ನೀರು ಪಶ್ಚಾತ್ತಾಪದ್ದೋ ಸಮಾಧಾನದ್ದೋ ಎಂದು ನಾನು ಅನುಮಾನ ಪಟ್ಟೆ. ಎರಡೂ ಇತ್ತು ಅನ್ನಿಸುತ್ತದೆ.

“ರೈಲು ಬ್ಯಾಡ. ಬುಕ್ಕಾಂಬುಧಿಗೆ ಹೇಳಿ ಕಳಿಸ್ತೀನಿ. ಸಂಜೆ ಹೊತ್ಗೆ ಲಾರಿ ಮಾಡ್ಕೊಂಡು ಎಲ್ರೂನೂ ಕರ್ಕೊಂಡು ಹೋಗ್ಬೇಕು. ಮುಖ್ಯ ಭಕ್ತ ಆದ್ಮೇಲೆ ಒಬ್ನೇ ಹೋಗೋಕಾಯ್ತದಾ?” ಎಂದು ಹೊರಟೇಬಿಟ್ಟರು.

ನನಗೆ ಮಾತ್ರ ಆ ಸಣ್ಣ ಜಿ ಸರಿಕಾಣಲಿಲ್ಲ. ರಾಯರ ಪುಸ್ತಕದ ಪ್ರಕಾರ, ವಾಕ್ಯದ ಮೊದಲ ಅಕ್ಷರವೆಂದ ಮೇಲೆ ಯಾವ ಗುರುವಾದರೂ ದೊಡ್ಡ ಜಿ ಆಗಬೇಕಿತ್ತು. ಆಗಿಲ್ಲವೆಂದರೆ ಬರೆದವರು ಇಂಗ್ಲಿಷಿನ ಕಾಯಿದೆ ನೋಡಿಲ್ಲ, ತಮ್ಮ ಕಾಯಿದೆ ನೋಡಿದ್ದಾರೆ. ವೀರಯ್ಯನವರ ಕಾಯಿದೆ ನನಗೆ ಗೊತ್ತು. ಗುರುಗಳನ್ನು ಸಣ್ಣ ಜಿಯಲ್ಲಿ ಬರೆಯುವುದಕ್ಕಿಂತ ಆ ಮನುಷ್ಯ ಬೆರಳು ಕತ್ತರಿಸಿಕೊಳ್ಳುತ್ತಿದ್ದರು. ಸಣ್ಣ ಜಿ ಎಂದರೆ ಹುಡುಗ.

ಆದರೆ ಅದನ್ನು ಹೇಳುವುದು ಹೇಗೆ? ಹೇಳಿದರೆ ಒಬ್ಬರ ಫಾರಂನಲ್ಲಿ ಕಂಡದ್ದನ್ನು ಇನ್ನೊಬ್ಬರಿಗೆ ಬಿಟ್ಟಂತೆ. ಅರ್ಥ ಹೇಳಿದಂತೆ. ಬೆಂಚಿನ ಮೇಲೆ ಅಷ್ಟು ಹೊತ್ತಿನಿಂದ ಯಾರೋ ಒಬ್ಬ ಕಂಬಳಿ ಹೊದ್ದು ಕೂತಿದ್ದ. ಅವನ ಕಾಲು ಬೆಂಚಿನ ಕೆಳಗಿತ್ತು, ಕಾಣಿಸುತ್ತಿರಲಿಲ್ಲ. ಆ ಇನ್ಸ್‌ಪೆಕ್ಟರ್ ಅಜ್ಜಂಪುರಕ್ಕೂ ಬಂದಿರಬಹುದು. ನನಗೂ ಮನೆಯಿದೆ, ಮಕ್ಕಳಿದ್ದಾರೆ.

ಸಿದ್ದಮ್ಮ ಮಾತ್ರ ಕದಲಿರಲಿಲ್ಲ. ಗಂಡ ಬಾಗಿಲಿಗೆ ಹೋದರೂ ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ನನ್ನ ಮುಖದಲ್ಲಿ ಏನು ಕಂಡಿತೋ.

“ಅಮ್ಮಾ,” ಎಂದೆ, “ಮನೇಲಿ ಗುರುಗಳು ಕೊಟ್ಟ ವಿಭೂತಿ ಪೊಟ್ಟಣ ಇದ್ಯಾ?”

ಬಾಗಿಲಲ್ಲಿದ್ದ ಚನ್ನಬಸಪ್ಪನವರು ತಿರುಗಿ ನೋಡಿದರು. “ಈಗ್ಯಾಕ್ರೀ ವಿಭೂತಿ?”

“ಅದೆ,” ಎಂದರು ಸಿದ್ದಮ್ಮ. “ದೇವ್ರ ಗೂಡಿನ್ ತುಂಬ ಅವೆ.”

“ಪೊಟ್ಟಣದ ಮೇಲೆ ಮ್ಯಾನೇಜರು ಇಂಗ್ಲಿಷಿನಲ್ಲಿ ಏನೋ ಬರ್ದಿರ್ತಾರಂತೆ, ಊರವ್ರೆಲ್ಲ ಹೇಳ್ತಾರೆ. ಅದು ಹೆಂಗಿರ್ತದೆ, ನೋಡಿದ್ದೀರಾ?”

ಇಷ್ಟೇ ನಾನು ಕೇಳಿದ್ದು. ಆಕೆ ಗಾಳಿಯಲ್ಲಿ ಬೆರಳಿನಿಂದ ಒಂದು ಸುರುಳಿ ಬರೆದರು. “ಹಿಂಗೆ ಶಂಖದಂಗೆ... ಅಂಗೈ ಅಗಲ... ಇದು ಗುರುಗಳ ಹೆಸ್ರು ಕಣಮ್ಮ, ತುಳೀಬ್ಯಾಡಿ ಅಂತ ವೀರಯ್ಯ ಹೇಳಿದ್ದ.” ಬೆರಳು ಗಾಳಿಯಲ್ಲೇ ನಿಂತಿತು. ಗಂಡನ ಕಡೆ ತಿರುಗಿದರು. “ರೀ, ಗುರುಗಳನ್ನ ಸಣ್ಣದಾಗಿ ಬರೆಯೋಕೆ ಆ ವೀರಯ್ಯಂಗೆ ಕೈ ಬತ್ತದೇನ್ರೀ? ಅದು ಗುರುಗಳಲ್ಲ. ಅದು ನನ್ ಮಗ. ನಡೀರಿ ಸ್ಟೇಷನ್ನಿಗೆ.”

“ಏ, ಇಂಗ್ಲಿಷಿನಲ್ಲಿ ಹಂಗಲ್ಲ ಕಣೇ...”

“ಇಂಗ್ಲಿಷು ಹಾಳಾಗ್ ಹೋಗ್ಲಿ! ಬರ್ದಿರೋನು ನಮ್ಮೋನು. ನೀವ್ ಬತ್ತೀರೋ ನಾನೊಬ್ಳೇ ಹೋಗ್ಲೋ?”

ಚನ್ನಬಸಪ್ಪನವರು ನನ್ನನ್ನು ನೋಡಿದರು. ನಾನು ತಂತಿ ಯಂತ್ರದ ಮೇಲಿನ ಧೂಳು ಒರೆಸತೊಡಗಿದೆ. ಅವರಿಗೆ ಅಷ್ಟೇ ಸಾಕಾಯಿತು. ಇಬ್ಬರೂ ಜಟಕಾ ಹತ್ತಿದ್ದನ್ನು ಕಿಟಕಿಯಿಂದ ಕಂಡೆ. ಆಮೇಲೆ ರೈಲಿನ ಕೂಗು ಕೇಳಿಸಿತು. ಬೆಂಚಿನ ಮೇಲಿದ್ದ ಕಂಬಳಿಯವನು ಎದ್ದ. ಕಾಲು ನೋಡಿದೆ. ಕೆಸರು ಮೆತ್ತಿದ ನಿಜವಾದ ರೈತನ ಕಾಲು. ಒಂದು ಕಾರ್ಡು ಕೊಡಿ ಎಂದ.

ಅಲ್ಲಿಂದ ಮುಂದೆ ಬೀರೂರಿನ ಕರೆ ಬಂದಾಗಲೆಲ್ಲ ಪೆನ್ನು ಹಿಡಿಯಲು ಹಿಂದೆಮುಂದೆ ನೋಡುತ್ತಿದ್ದೆ. ನನ್ನ ಅನುಮಾನ ತಪ್ಪಾಗಿ, ಅಲ್ಲಿ ಗುರುಗಳೇ ಮಲಗಿದ್ದು, ಮುಖ್ಯ ಭಕ್ತರು ಜನ ಸೇರಿಸದೆ ಇಬ್ಬರೇ ಹೋಗಿದ್ದರೆ? ಅಥವಾ ಸರಿಯಾಗಿದ್ದು, ರೈಲು ತಡವಾಗಿದ್ದರೆ? ಒಂದೊಂದು ತಂತಿಯ ಮೊದಲ ಅಕ್ಷರ ಜಿ ಆಗದಿರಲಿ ಎಂದು ಬೇಡಿಕೊಂಡು ಬರೆಯುತ್ತಿದ್ದೆ.

ಕೊನೆಗೊಂದು ದಿನ ಚನ್ನಬಸಪ್ಪನವರು ಒಬ್ಬರೇ ಬಂದು ಕೌಂಟರಿನ ಮುಂದೆ ನಿಂತರು. ಗಡ್ಡ ಬೆಳೆದಿತ್ತು. ಹುಡುಗನಿಗೆ ವಿಷಮಜ್ವರ. ಇವರು ಹೋದಾಗ ಪ್ರಜ್ಞೆ ಇರಲಿಲ್ಲವಂತೆ, ಅಮ್ಮಾ ಎಂದು ಬಡಬಡಿಸುತ್ತಿದ್ದನಂತೆ. ಸಿದ್ದಮ್ಮ ಹೋಗಿ ತಲೆ ತೊಡೆಯ ಮೇಲಿಟ್ಟುಕೊಂಡ ಮೇಲೆ ನೀರು ಗುಟುಕರಿಸಿದನಂತೆ. ಈಗ ಅಪಾಯವಿಲ್ಲ, ತಾಯಿ ಅಲ್ಲೇ ಇದ್ದಾಳೆ ಎಂದರು. ಹೇಳಿ ಮುಗಿಸಿದರೂ ಹೊರಡಲಿಲ್ಲ.

“ತಿಮ್ಮಪ್ಪನೋರೇ, ನಾನು ಆವತ್ತು ಇಲ್ಲಿ ಕೂಗಿದ್ದು ನೀವು ಕೇಳಿಸ್ಕೊಂಡ್ರಲ್ಲ?”

“ನಾನೇನೂ ಕೇಳಿಸ್ಕೊಂಡಿಲ್ಲ ಸಾಹುಕಾರ್ರೇ. ಇಲ್ಲಿ ಕೇಳಿದ್ದನ್ನ ನಾವು ಇಟ್ಕೊಳ್ಳಲ್ಲ.”

“ಗುರುಗಳ ಮುಂದೆ ಹೇಳ್ಬಿಟ್ಟೆ. ಬುದ್ಧೀ, ನನ್ ಮಗ ಆಗೋದ್ ಬ್ಯಾಡ, ನೀವೇ ಆಗಿರ್ಲಿ ಅಂತ ಬೇಡ್ಕೊಂಡ್ಬಿಟ್ಟೆ, ಪಾಪಿ ನಾನು ಅಂತ ಕಾಲು ಹಿಡ್ಕೊಂಡೆ.” ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. “ಹುಡುಗನ ಮಂಚದ ಪಕ್ಕದಲ್ಲೇ ಕೂತಿದ್ರು. ಏನಂದ್ರು ಗೊತ್ತಾ? ನಾನೂ ಅದನ್ನೇ ಕೇಳ್ಕೊಂಡಿದ್ದೆ ಕಣಪ್ಪ, ಅಂದ್ರು.”

ಭಕ್ತನ ಸಮಾಧಾನಕ್ಕೆಂದು ಹಾಗೆ ಹೇಳಿರಬಹುದೇ ಎಂದು ನನ್ನ ಹುಟ್ಟುಗುಣ ಒಳಗೇ ಕೆದಕಿತು. ಆದರೆ ನನ್ನ ಕಣ್ಣೂ ಒದ್ದೆಯಾಗಿತ್ತು.

ಕೆಲವು ವರ್ಷ ಕಳೆದವು. ಹುಡುಗ ಪರೀಕ್ಷೆಯ ಗೊಡವೆ ಬಿಟ್ಟು ಅಪ್ಪನ ಜವಳಿ ಅಂಗಡಿಯಲ್ಲಿ ಕೂತ. ಅಂಗಡಿಗೆ ಬರುವ ತಂತಿಗಳನ್ನೆಲ್ಲ ಅವನೇ ಬಂದು ಸಹಿ ಮಾಡಿ ತೆಗೆದುಕೊಂಡು ಹೋಗುತ್ತಿದ್ದ. ಒಂದು ಮಧ್ಯಾಹ್ನ ದಾವಣಗೆರೆಯಿಂದ ಮತ್ತೆ ತಂತಿ. ‘ಗುರು ತೀರಿಕೊಂಡರು, ಮ್ಯಾನೇಜರ್.’ ಈ ಸಲ ಜಿ ಯಾವುದೆಂದು ನಾನು ಕೇಳಲಿಲ್ಲ. ಫಾರಂನಲ್ಲಿ ಅದು ಎಷ್ಟು ಗೆರೆ ನುಂಗಿದೆಯೋ ಎಂದುಕೊಂಡೆ ಅಷ್ಟೇ.

ತಂತಿಗೆ ಬಂದವನು ಗುರುವೇ. ಓದಿದ. ಆಮೇಲೆ ರಸೀದಿಯ ಮೇಲೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆದ. ಬಗ್ಗಿ ನೋಡಿದರೆ ಸಣ್ಣ ಜಿ.

“ಗುರು, ನಿನ್ ಹೆಸ್ರು ಕಣೋ ಅದು. ದೊಡ್ಡಕ್ಷರ ಹಾಕ್ಬೇಕು,” ಎಂದೆ.

“ಇವತ್ತು ಬ್ಯಾಡ ಸಾರ್,” ಎಂದ. “ಇವತ್ತು ದೊಡ್ಡದು ಅವ್ರಿಗೆ.”

ತಂತಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಅಂಗಡಿಯ ಕಡೆ ಓಡಿದ. ನನಗೆ ನಿಂತಲ್ಲೇ ಅನುಮಾನ ಹತ್ತಿಕೊಂಡಿತು. ಎರಡು ಸಲ ಇಂಗ್ಲಿಷಿನಲ್ಲಿ ನಪಾಸಾದವನು ತಪ್ಪು ಬರೆದು, ನಾನು ಹಿಡಿದ ಮೇಲೆ ನೆವ ಹೇಳಿದನೇ? ಕಪಾಟಿನಿಂದ ಹಳೆಯ ರಸೀದಿಗಳ ಕಟ್ಟು ತೆಗೆದು ಅವನ ಸಹಿಗಳನ್ನು ಒಂದೊಂದಾಗಿ ನೋಡಿದೆ. ಎಲ್ಲದರಲ್ಲೂ ದೊಡ್ಡ ಜಿ ಇತ್ತು. ಮುಂದಿನ ಸಲ ಅಂಗಡಿಗೆ ತಂತಿ ಬಂದಾಗಲೂ ಕಾದು ನೋಡಿದೆ. ದೊಡ್ಡ ಜಿಯನ್ನೇ ಬರೆದ.

ಕಟ್ಟನ್ನು ಮತ್ತೆ ಕಟ್ಟಿ ಕಪಾಟಿನಲ್ಲಿಟ್ಟೆ. ನನ್ನ ಇಡೀ ಸರ್ವೀಸಿನಲ್ಲಿ ಪೂರ್ತಿಯಾಗಿ ತೀರಿದ ಅನುಮಾನ ಅದೊಂದೇ.